ಹುಡುಗಿಯದು ಕರ್ಕಾಟಕ

ಭೂಮಿಯ ಮೇಲೆ ಜೀವವೆಂಬುದು ಕಣ್ಣುಬಿಟ್ಟ ಗಳಿಗೆಯಿಂದಲೂ ಗಂಡು ತನ್ನ ಹಿರಿಮೆಯನ್ನು ಸಾರಿಕೊಳ್ಳುತ್ತ ಬಂದಿದೆ, ಹೆಣ್ಣು ಆ ಸಾರಿಕೆಯನ್ನು ಮೌನವಾಗಿ ತೂಗಿ ನೋಡುತ್ತ ಬಂದಿದೆ. ಸೃಷ್ಟಿ ಇಲ್ಲಿಯವರೆಗೆ ನಡೆದುಕೊಂಡು ಬಂದಿರುವುದೇ ಈ ತೂಗಾಟದ ಮೇಲೆ. ಇಂಥ ಮಹಾಸತ್ಯ ನನಗೆ ಹೊಳೆದದ್ದು ಯಾವ ಮರದ ಕೆಳಗೂ ಅಲ್ಲ. ಹೆಸರಘಟ್ಟ ರಸ್ತೆಯಲ್ಲಿ, ನೀರಿನ ಟ್ಯಾಂಕರಿನ ಹಿಂದೆ ಸಿಕ್ಕಿಕೊಂಡು, ಹೆಲ್ಮೆಟ್ಟಿನೊಳಗೆ ಬೆವರುತ್ತ, ಒಂದು ಕಾಲನ್ನು ನೆಲಕ್ಕೂರಿ ಸ್ಕೂಟರಿನ ಮೇಲೆ ಕೂತಿದ್ದಾಗ.

ಭಾನುವಾರ ಬಂತೆಂದರೆ ನಮ್ಮ ಕಡೆ ಸೈಟು ಮಾರುವವರು ರಸ್ತೆಯಂಚಿಗೆ ಆಳು ನಿಲ್ಲಿಸುತ್ತಾರೆ, ನೀವೂ ನೋಡಿರುತ್ತೀರಿ. ಅವನ ಕೈಯಲ್ಲಿ ಅವನಿಗಿಂತ ಎತ್ತರದ ಬಾಣದ ಹಲಗೆ. ಅದನ್ನು ಎತ್ತುವುದು, ಇಳಿಸುವುದು, ಗಿರ್ರನೆ ತಿರುಗಿಸಿ ಮತ್ತೆ ಸೋಲದೇವನಹಳ್ಳಿಯ ಕಡೆಗೆ ಮೂತಿ ಮಾಡಿ ನಿಲ್ಲಿಸುವುದು, ಇದು ಅವನ ಉದ್ಯೋಗ. ದೊಡ್ಡ ಕಾರೊಂದು ನಿಧಾನವಾದರೆ ಬಾಣಕ್ಕೆ ಜೀವ ಬರುತ್ತದೆ, ಬೀಸಾಟ ಬಿರುಸಾಗುತ್ತದೆ. ಅಂದು ಆತ ನನ್ನ ಹಳೆಯ ಸ್ಕೂಟರನ್ನೂ ಅದರ ಮುಂದೆ ನೇತಾಡುತ್ತಿದ್ದ ಸೊಪ್ಪಿನ ಚೀಲವನ್ನೂ ಒಮ್ಮೆ ನೋಡಿ ಬಾಣವನ್ನು ನೆಲಕ್ಕೊರಗಿಸಿ ಬೆನ್ನು ತುರಿಸಿಕೊಂಡ. ನನ್ನ ಯೋಗ್ಯತೆಯನ್ನು ಇಷ್ಟು ಬೇಗ ನನ್ನ ಇಡೀ ಮೇಷ್ಟ್ರಗಿರಿಯಲ್ಲಿ ಯಾವ ಇನ್ಸ್‌ಪೆಕ್ಟರೂ ಅಳೆದಿರಲಿಲ್ಲ.

"ಥೇಟ್ ಏಡಿ," ಎಂದೆ ನಾನು, ಗಟ್ಟಿಯಾಗಿಯೇ. ಪಕ್ಕದ ಬೈಕಿನವನು ತನಗೇ ಅಂದದ್ದೆಂದು ತಿಳಿದು ದುರುಗುಟ್ಟಿದ.

ನಾನು ಅಂದದ್ದು ಸಾಮಾನ್ಯ ಏಡಿಯನ್ನಲ್ಲ. ಸಾಮಾನ್ಯ ಏಡಿಯನ್ನು ನಾನು ಚೆನ್ನಾಗಿ ಬಲ್ಲೆ. ಚಿಕ್ಕಬಾಣಾವರದ ಕೆರೆಯ ಕೆಳಗೆ ಗದ್ದೆಗಳಿದ್ದ ಕಾಲದಲ್ಲಿ ಬದುವಿನ ತುಂಬ ಅವುಗಳ ಬಿಲ. ನೆಗಡಿಯಾಯಿತೆಂದರೆ ನಮ್ಮಜ್ಜಿ ಔಷಧಿ ಅಂಗಡಿಯ ಕಡೆ ನೋಡದೆ ಗದ್ದೆಯ ಕಡೆ ನೋಡುತ್ತಿದ್ದಳು. ಬಿಲಕ್ಕೆ ಕೈ ಹಾಕುವುದು ಅಕ್ಕನ ಕೆಲಸ, ಮೇಲೆ ನಿಂತು ಧೈರ್ಯ ಹೇಳುವುದು ನನ್ನ ಕೆಲಸ. ಒರಳಿನಲ್ಲಿ ಕುಟ್ಟಿ ರಸ ಹಿಂಡಿ ಮಾಡಿದ ಆ ಸಾರನ್ನು ಮುದ್ದೆಯ ಜೊತೆ ಉಂಡರೆ ನೆಗಡಿ ಹೋಗುತ್ತಿತ್ತೋ ಇಲ್ಲವೋ, ನೆಗಡಿಯಾಗಿದೆ ಎಂಬ ಚಿಂತೆಯಂತೂ ಹೋಗುತ್ತಿತ್ತು. ಶಾಲೆ ತಪ್ಪಿಸಿ ಏಡಿ ಹಿಡಿದದ್ದಕ್ಕೆ ಒದೆ ತಿಂದ ವಂಶ ನಮ್ಮದು. ಅಂಥ ವಂಶದಲ್ಲಿ, ಏಡಿ ನೋಡುವುದಕ್ಕೆಂದೇ ದೊಡ್ಡ ಶಾಲೆ ಸೇರಿದ ಹುಡುಗಿಯೊಬ್ಬಳು ಹುಟ್ಟಿದಳು.

ವೀಣಾ ನಮ್ಮಕ್ಕನ ಒಬ್ಬಳೇ ಮಗಳು. ನಮ್ಮ ಹಳೆಯ ಪದ್ಧತಿಯಂತೆ ಅಕ್ಕನ ಮಗಳ ಮೇಲೆ ಸೋದರಮಾವನಿಗೆ ಮೊದಲ ಹಕ್ಕು. ಅವಳು ಹುಟ್ಟುವ ಹೊತ್ತಿಗೆ ನನಗೆ ಮದುವೆಯಾಗಿ, ತಲೆಯ ಮುಂಭಾಗ ಬರಿದಾಗತೊಡಗಿತ್ತು. ಆ ದೊಡ್ಡ ಅಪಾಯದಿಂದ ಇಬ್ಬರೂ ಪಾರಾದೆವು. ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ ಅವಳು ಸಂಶೋಧನೆಗೆಂದು ಆರಿಸಿಕೊಂಡದ್ದು ಸಮುದ್ರದ ಕಡೆಯ ಒಂದು ಏಡಿ. ಯಶವಂತಪುರದಲ್ಲಿ ರೈಲು ಹತ್ತಿ ಕರಾವಳಿಗೆ ಹೋಗುತ್ತಾಳೆ. ಹೊಳೆ ಸಮುದ್ರ ಸೇರುವಲ್ಲಿ ನೀರಿಳಿದಾಗ ಕೆಸರಿನ ಬಯಲೊಂದು ತೆರೆದುಕೊಳ್ಳುತ್ತದಂತೆ, ಅದರಂಚಿನಲ್ಲಿ ಛತ್ರಿ ಹಿಡಿದು, ದುರ್ಬೀನು ಕಣ್ಣಿಗಿಟ್ಟು ಕೂತುಬಿಡುತ್ತಾಳೆ. ಅಲ್ಲಿಯ ಗಂಡು ಏಡಿಗೆ ಒಂದು ಕೈ ಮಾತ್ರ ಪ್ರಮಾಣ ತಪ್ಪಿ ಬೆಳೆದಿರುತ್ತದೆ, ಹೆಚ್ಚುಕಡಿಮೆ ಅವನಷ್ಟೇ ದೊಡ್ಡದು. ಅದರಿಂದ ಉಣ್ಣಲು ಬರುವುದಿಲ್ಲ. ತನ್ನ ಬಿಲದ ಬಾಯಲ್ಲಿ ನಿಂತು, ದಾರಿಯಲ್ಲಿ ಹೋಗುವ ಹೆಣ್ಣುಗಳಿಗೆ ಕಾಣುವಂತೆ ಅದನ್ನು ಎತ್ತಿ ಎತ್ತಿ ಬೀಸುತ್ತಾನೆ. ಹೆಣ್ಣು ಬಯಲಲ್ಲಿ ನಡೆಯುತ್ತ ಒಬ್ಬನ ಮುಂದೆ ನಿಲ್ಲುತ್ತಾಳೆ, ಇನ್ನೊಬ್ಬನ ಬಿಲದೊಳಗೆ ಇಣುಕುತ್ತಾಳೆ, ಹಿಡಿಸದಿದ್ದರೆ ಮುಂದಿನ ಮನೆ. ಸೈಟು ನೋಡಲು ಬಂದ ಗೃಹಿಣಿಯ ಹಾಗೆ.

ಇಷ್ಟನ್ನು ಕೇಳಿ ನಾವು ಬೆರಗಾದೆವು. ನೆಂಟರು ಬೆರಗಾಗಲಿಲ್ಲ. ಏಡಿ ಹಿಡಿಯುವುದಕ್ಕೆ ರೈಲಿನಲ್ಲಿ ಹೋಗಬೇಕೆ, ಅದಕ್ಕೆ ಸರ್ಕಾರ ಸಂಬಳವನ್ನೂ ಕೊಡುತ್ತದೆಯೆ, ಹಿಡಿದದ್ದನ್ನು ಮನೆಗೇಕೆ ತರುವುದಿಲ್ಲ, ಇವು ಅವರ ಸಂದೇಹಗಳು. ಗಂಡಿನ ಕಡೆಯವರು ಫೋನಿನಲ್ಲಿ ಹುಡುಗಿ ಏನು ಓದುತ್ತಿದ್ದಾಳೆಂದು ಕೇಳಿದರೆ, ಏಡಿ ಎಂದು ಹೇಳಿ ಅಕ್ಕ ಆಚೆಯ ನಗುವನ್ನು ಕೇಳಿಸಿಕೊಳ್ಳಬೇಕು. ಒಂದು ದಿನ ಅವಳು ಯಲಹಂಕದ ನಮ್ಮ ಮನೆಗೆ ಬಂದು ಕೂತಳು.

"ಲೋ ಶಿವು, ಏಡಿ ಅಂದ್ರೆ ಜನ ಆಡ್ಕೊಂಡು ನಗ್ತಾರೆ ಕಣೋ. ಯಾವ್ದಾದ್ರೂ ಗೌರವವಾಗಿರೋ ಮಾತು ಏಳು."

ಕನ್ನಡ ಮೇಷ್ಟ್ರಾಗಿ ನಿವೃತ್ತನಾದವನಿಗೆ ಇಂಥ ಅವಕಾಶ ಪದೇ ಪದೇ ಒದಗುವುದಿಲ್ಲ. ಕನ್ನಡಕ ಒರೆಸಿಕೊಂಡು ಕುಳೀರ, ಕರ್ಕಟ, ಕರ್ಕಾಟಕ ಎಂಬ ಮೂರು ಪದಗಳನ್ನು ಅವಳ ಮುಂದಿಟ್ಟೆ. ಕುಳೀರ ಎಂದರೆ ಕುಳ್ಳಗಿದ್ದಾಳೆಂದು ತಿಳಿದಾರು ಎಂದಳು. ಕರ್ಕಟ ಎಂದರೆ ಹಲ್ಲು ಕಡಿದಂತಾಗುತ್ತದೆ ಎಂದಳು. ಕರ್ಕಾಟಕ ಹಿಡಿಸಿತು. ಕೇಳುವುದಕ್ಕೆ ಕರ್ನಾಟಕದ ಹಾಗಿದೆ, ರಾಜ್ಯಮಟ್ಟದ ಓದು ಅನ್ನಿಸುತ್ತದೆ ಎಂಬುದು ಅವಳ ಲೆಕ್ಕ. ಅಂದಿನಿಂದ ಅಕ್ಕ ಗಂಭೀರವಾಗಿ 'ಕರ್ಕಾಟಕ' ಎನ್ನತೊಡಗಿದಳು. ಆಚೆಯಿಂದ ನಗು ಬರುವುದು ನಿಂತಿತು. ಶಬ್ದಶಕ್ತಿ ಎಂದರೆ ಇದೇ ಎಂದು ನಾನು ಹೆಂಡತಿಯ ಮುಂದೆ ಎರಡು ದಿನ ಬೀಗಿದೆ.

ಹೆಂಡತಿ ಸಾವಿತ್ರಿಯ ಮಾತು ಬಂದದ್ದರಿಂದ ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ. ಆ ಚಳಿಗಾಲದ ಒಂದು ಸಂಜೆ ವೀಣಾ ನಮ್ಮ ಮನೆಯಲ್ಲಿದ್ದಳು. ನೆನೆಸಿದ ಅವರೆಕಾಳಿನ ದೊಡ್ಡ ಪಾತ್ರೆಯನ್ನು ನಡುವೆ ಇಟ್ಟುಕೊಂಡು ಅವಳೂ ಸಾವಿತ್ರಿಯೂ ಹಿಚುಕುತ್ತಿದ್ದರು. ನಾನು ಪೇಪರಿನ ಹಿಂದೆ ಕೂತು, ಕೈ ತಪ್ಪಿ ಹಾರಿದ ಕಾಳುಗಳನ್ನು ಹೆಕ್ಕಿ ಕೊಡುತ್ತಿದ್ದೆ. ಹದ್ದೋ ಬೆಳ್ಳಕ್ಕಿಯೋ ಬಂದರೆ ಬಯಲಲ್ಲಿ ಏನಾಗುತ್ತದೆಂದು ಸಾವಿತ್ರಿ ಕೇಳಿದಳು. ತಾನು ಈಗ ನೋಡುತ್ತಿರುವುದೇ ಅದನ್ನೆಂದು ವೀಣಾ ಹುರುಪಿನಿಂದ ಹೇಳತೊಡಗಿದಳು. ಕೆಲವು ಗಂಡುಗಳು ತಮ್ಮ ಬಿಲದ ಬಾಯಿಗೆ ಕೆಸರಿನ ಪುಟ್ಟ ಕಮಾನು ಕಟ್ಟುತ್ತವೆ. ಬಯಲು ಶಾಂತವಾಗಿದ್ದರೆ ಹೆಣ್ಣು ನಿಧಾನವಾಗಿ ನಾಲ್ಕು ಕಡೆ ನೋಡಿ ಮನಸ್ಸಿಗೆ ಬಂದವನನ್ನು ಆರಿಸಬಹುದು. ಮೇಲಿನಿಂದ ನೆರಳು ಬಿತ್ತೋ, ಕಣ್ಣಿಗೆ ಮೊದಲು ಬಿದ್ದ ಕಮಾನಿನ ಕಡೆಗೆ ಓಟ.

"ಹೆದರಿದಾಗ ಅವಳು ಗೂಡು ನೋಡ್ತಾಳೆ ಅತ್ತೆ, ಗಂಡನ್ನ ನೋಡಲ್ಲ," ಎಂದಳು ವೀಣಾ.

ಸಾವಿತ್ರಿಯ ಕೈ ಅವರೆಕಾಳಿನಲ್ಲೇ ನಿಂತಿತು. ವಾತಾವರಣ ತಿಳಿಗೊಳಿಸಲೆಂದು ನಾನು ನನ್ನ ಹೆಣ್ಣು ನೋಡುವ ಶಾಸ್ತ್ರದ ಕಥೆ ತೆಗೆದೆ. ದೊಡ್ಡಬಳ್ಳಾಪುರದ ಅವರ ಮನೆಗೆ ಹೋಗುವಾಗ ಭಾವ ತಮ್ಮ ಹೊಸ ಕೈಗಡಿಯಾರವನ್ನು ನನಗೆ ಕಟ್ಟಿ ಕಳಿಸಿದ್ದರು. ಅದು ಎಲ್ಲರ ಕಣ್ಣಿಗೂ ಬೀಳಲೆಂದು ನಾನು ಎಡಗೈಯನ್ನು ಮಡಿಲಲ್ಲಿ ಇಟ್ಟದ್ದೇ ಇಲ್ಲ. ಕ್ರಾಪು ಸವರಿಕೊಂಡೆ, ಕಿವಿ ತುರಿಸಿಕೊಂಡೆ, ಇಲ್ಲದ ನೊಣ ಓಡಿಸಿದೆ. ಕಾಫಿ ಲೋಟವನ್ನೂ ಎಡಗೈಯಲ್ಲಿ ತೆಗೆದುಕೊಂಡು ಮಾವನವರಿಂದ ಒಂದು ವಿಚಿತ್ರ ನೋಟ ಸಂಪಾದಿಸಿದೆ. ಗಂಡು ಏಡಿ ಇದಕ್ಕಿಂತ ಹೆಚ್ಚೇನು ಮಾಡೀತು? ಆ ಗಡಿಯಾರ ನೋಡಿಯೇ ಅಲ್ಲವೆ ನೀನು ಒಪ್ಪಿದ್ದು ಎಂದು ಸಾವಿತ್ರಿಯನ್ನು ಕೇಳಿದೆ.

"ಗಡಿಯಾರ ಯಾರ್ರೀ ನೋಡಿದ್ರು. ನಮ್ಮಣ್ಣ ಬಾಗಿಲಲ್ಲಿ ನಿಂತಿದ್ದ. ಹೂಂ ಅಂದೆ."

ಪೇಪರನ್ನು ಮಡಿಸಿ ಕೆಳಗಿಟ್ಟೆ. ಒಬ್ಬ ಮನುಷ್ಯ ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ, ತಾನು ಹೆಂಡತಿ ಆರಿಸಿಕೊಂಡ ಗಂಡಲ್ಲ, ಹತ್ತಿರಕ್ಕೆ ಸಿಕ್ಕ ಬಿಲ ಎಂದು ತಿಳಿಯುವುದು ಸಣ್ಣ ವಿಷಯವಲ್ಲ. ನನ್ನ ಮುಖ ಹೇಗಿತ್ತೋ, ಸಾವಿತ್ರಿ ಮತ್ತೆ ಕಾಳು ಹಿಚುಕುತ್ತ ಹೇಳಿದಳು: "ಬೇಜಾರ್ ಮಾಡ್ಕೋಬೇಡಿ. ಬಿಲ ಏನ್ ಕೆಟ್ಟದಾಗಿರ್ಲಿಲ್ಲ." ವೀಣಾ ನಕ್ಕಳು, ನಾನೂ ನಕ್ಕೆ. ಅವಳು ಎದ್ದು ಹೋದಮೇಲೆ ಸಾವಿತ್ರಿ ದನಿ ತಗ್ಗಿಸಿ, "ಇವಳಿಗಾದ್ರೂ ಹಂಗಾಗ್ಬಾರ್ದು ಕಣ್ರೀ," ಎಂದಳು. ಹೇಳಿದ ರೀತಿ ನನಗೆ ಹೊಸದು. ಅದು ನನ್ನ ಮೇಲಿನ ದೂರಾಗಿರಲಿಲ್ಲ. ಯಾರ ಮೇಲೂ ಅಲ್ಲ. ಆದರೂ ಆ ರಾತ್ರಿ ಹಿತಕಿದ ಅವರೆಬೇಳೆ ಸಾರು ನನಗೆ ಎರಡನೆಯ ಸಲ ಬಡಿಸಿಕೊಳ್ಳುವಷ್ಟು ರುಚಿಸಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಗಂಗಾನಗರದ ಸಂಬಂಧ ಬಂತು. ಹುಡುಗನ ತಂದೆ ಕೆಂಪಣ್ಣನವರು ಒಂದು ಕಾಲಕ್ಕೆ ಹೆಬ್ಬಾಳದ ಕೆಳಗೆ ರಾಗಿ ಬೆಳೆದವರು, ಈಗ ಅದೇ ನೆಲದಲ್ಲಿ ಮಹಡಿಗಳನ್ನು ಬೆಳೆಯುತ್ತಿದ್ದರು. ಅಕ್ಕ ಫೋನಿನಲ್ಲಿ ನನಗೆ ತೋರಿಸಿದ್ದು ಅವರ ಮನೆಯ ಚಿತ್ರ. ಗೇಟಿನ ಮೇಲೆ ಕಲ್ಲಿನ ಕಮಾನು, ಕಮಾನಿನ ಮೇಲೆ ಎರಡು ಆನೆ. ಹುಡುಗನ ಚಿತ್ರ ಎಲ್ಲಿ ಎಂದು ಕೇಳಿದೆ. ಅವಳು ಅದೇ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ, ಕಮಾನಿನ ಕೆಳಗೆ ಇರುವೆಯಷ್ಟಿದ್ದವನನ್ನು ತೋರಿಸಿದಳು. ಹೆಸರು ಹರೀಶ, ಟೈಲ್ಸ್ ಅಂಗಡಿ ನೋಡಿಕೊಳ್ಳುತ್ತಾನೆ. ಕೆಂಪಣ್ಣನವರೇ ಫೋನು ಮಾಡಿದ್ದರಂತೆ. 'ಹುಡುಗೀದು ಏನಮ್ಮಾ?' ಎಂದು ಕೇಳಿದರಂತೆ. ಅಕ್ಕ 'ಕರ್ಕಾಟಕ' ಎಂದಳಂತೆ. ಅವರು ಖುಷಿಯಾಗಿ, ಜೋಯಿಸರನ್ನು ವಿಚಾರಿಸಿ, ಎಲ್ಲಾ ಸೊಗಸಾಗಿ ಕೂಡುತ್ತದೆ, ಭಾನುವಾರ ಬರುತ್ತೇವೆ ಎಂದರಂತೆ. ಓದಿಗೂ ಜೋಯಿಸರಿಗೂ ಏನು ಸಂಬಂಧ ಎಂದು ಅಕ್ಕನಿಗಾಗಲಿ ನನಗಾಗಲಿ ಹೊಳೆಯಲಿಲ್ಲ. ಕಮಾನು ನೋಡಿದವರ ಬುದ್ಧಿ ಅಷ್ಟೇ.

ಈ ಸಲ ಅಕ್ಕ ಹಟ ಹಿಡಿದಿದ್ದಳು. ಹಿಂದೆ ಬಂದವರ ಜೊತೆ ವೀಣಾಳನ್ನು ಮಾತಾಡಲು ಬಿಟ್ಟದ್ದೇ ತಪ್ಪಾಯಿತು, ಏಡಿಯ ಪುರಾಣ ಹೇಳಿ ಓಡಿಸಿದಳು, ಇನ್ನು ಮಾತುಕತೆಯಿಲ್ಲ, ಅವರು ಉಪ್ಪಿಟ್ಟು ತಿಂದು ಕೈ ತೊಳೆಯುವುದರೊಳಗೆ ಇವಳು ಒಪ್ಪಬೇಕು ಎಂಬುದು ಅವಳ ತೀರ್ಮಾನ. ಹಿಂದಿನ ದಿನ ವೀಣಾ ನಮ್ಮಲ್ಲಿಗೆ ಬಂದಿದ್ದಳು. ಅವಳು ಅಳಲಿಲ್ಲ, ರೇಗಲಿಲ್ಲ.

"ಹೂಂ ಅಂತೀನೋ ಊಹೂಂ ಅಂತೀನೋ ಗೊತ್ತಿಲ್ಲ ಮಾವ. ಎರಡನ್ನೂ ಹೆದರ್ಕೊಂಡು ಅನ್ನಲ್ಲ, ಅಷ್ಟೇ," ಎಂದಳು. ಹಾಗೆಂದವಳ ಬೆರಳುಗಳು ಮಾತ್ರ ನಮ್ಮ ಮೇಜಿನ ಬಟ್ಟೆಯ ಅಂಚನ್ನು ಬಿಚ್ಚುತ್ತಲೇ ಇದ್ದವು.

ಭಾನುವಾರ ಸೋಲದೇವನಹಳ್ಳಿಯ ಅಕ್ಕನ ಮನೆಯಲ್ಲಿ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿದ್ದರು. ಅಕ್ಕ ಅಡುಗೆಮನೆಯ ಹೊಸಿಲ ಮೇಲೆ, ಭಾವ ಹಜಾರದ ಬಾಗಿಲಲ್ಲಿ. ಸಾವಿತ್ರಿ ಆ ಬಾಗಿಲನ್ನೇ ನೋಡುತ್ತಿದ್ದಳು. ವೀಣಾ ತಟ್ಟೆಗಳನ್ನಿಟ್ಟು ಕೂತಳು. ಹರೀಶ ನೋಡಲು ಚಿತ್ರಕ್ಕಿಂತ ದೊಡ್ಡವನಾಗಿಯೇ ಇದ್ದ, ಆದರೆ ತಂದೆಯ ಪಕ್ಕ ಕೂತು ಮತ್ತೆ ಚಿಕ್ಕವನಾಗಿದ್ದ. ಕೆಂಪಣ್ಣನವರು ಸಂತೋಷದಲ್ಲಿ ಮಾತಿಗಾರಂಭಿಸಿದರು.

"ನೋಡಿ ಮೇಷ್ಟ್ರೇ, ನಮ್ ಉಡುಗಂದು ವೃಶ್ಚಿಕ, ನಿಮ್ ಉಡುಗೀದು ಕರ್ಕಾಟಕ. ಇಂಗೆ ಕೂಡೋದು ಬಾಳ ಅಪರೂಪ ಅಂದ್ರು ನಮ್ ಜೋಯಿಸ್ರು."

"ಅವಳದು ಮೇಷ ಅಲ್ವಾ?" ಎಂದಳು ಅಕ್ಕ, ಸಹಜವಾಗಿ. "ಕರ್ಕಾಟಕ ಅವಳ್ ಓದೋದು."

ಎಲ್ಲರೂ ನನ್ನನ್ನೇ ನೋಡಿದರು. ಶಬ್ದಶಕ್ತಿಯ ಬಗ್ಗೆ ಆಗ ನಾನೇನೂ ಹೇಳಲಿಲ್ಲ. ಕೆಂಪಣ್ಣನವರು ಅಲ್ಲಿಂದಲೇ ಜೋಯಿಸರಿಗೆ ಫೋನು ಮಾಡಿದರು. ವೃಶ್ಚಿಕ, ಮೇಷ ಎಂದ ಕೂಡಲೇ ಆ ಕಡೆಯಿಂದ 'ಷಷ್ಠಾಷ್ಟಕ' ಎಂಬ ಮಾತು ಇಡೀ ಹಜಾರಕ್ಕೆ ಕೇಳಿಸುವಂತೆ ಬಂತು. ಒಂದರಿಂದ ಒಂದು ಆರನೆಯದು, ಎಂಟನೆಯದು, ಕೂಡದು. ಅವರು ಫೋನನ್ನು ಜೇಬಿಗಿಳಿಸಿ ನಿಟ್ಟುಸಿರು ಬಿಟ್ಟರು. ಹಾಗೆಯೇ ಎದ್ದುಹೋಗುತ್ತಿದ್ದರೇನೋ, ಆದರೆ ತಟ್ಟೆಯಲ್ಲಿ ಉಪ್ಪಿಟ್ಟೂ ಕೇಸರಿಬಾತೂ ಬಿದ್ದಾಗಿತ್ತು. ಬಡಿಸಿದ್ದನ್ನು ಬಿಟ್ಟೇಳುವ ಮನೆತನಗಳಲ್ಲ ಎರಡೂ.

ಆಗ ನಾನು ಕಂಡದ್ದನ್ನು ವೀಣಾ ತನ್ನ ಬಯಲಿನಲ್ಲಿ ಎಷ್ಟು ಸಲ ಕಂಡಿದ್ದಾಳೋ. ನೆರಳು ಸರಿಯಿತು. ಸಂಬಂಧವಿಲ್ಲವೆಂದು ಖಚಿತವಾದ ಮೇಲೆ ಕಾಯುವುದಕ್ಕೆ ಏನಿತ್ತು? ಭಾವ ಬಾಗಿಲು ಬಿಟ್ಟು ಬಂದು ಕೆಂಪಣ್ಣನವರ ಪಕ್ಕ ಕೂತು, ಕೊಳವೆಬಾವಿ ಎಷ್ಟು ಆಳಕ್ಕೆ ಇಳಿಸಿದಿರಿ ಎಂದು ಕೇಳಿದರು. ಕೆಂಪಣ್ಣನವರು ಷರಾಯಿಯ ಬೆಲ್ಟು ಸಡಿಲಿಸಿ ಹಳೆಯ ರೈತರಾದರು. ಅಕ್ಕ ಬೆಳಗಿನಿಂದ ಮೊದಲ ಸಲ ಗೋಡೆಗೊರಗಿ ಕೂತು ತಾನೂ ಒಂದು ತಟ್ಟೆ ಹಾಕಿಕೊಂಡಳು. ಸಾವಿತ್ರಿ ಈ ಗಳಿಗೆಗೇ ಕಾದವಳಂತೆ, "ಅತ್ತಿಗೆ, ಮಕ್ಕಳು ಮೇಲೆ ಗಾಳೀಲಿ ಇರ್ಲಿ ಬಿಡಿ. ಇನ್ನು ಆಗೋದೇನಿದೆ," ಎಂದಳು. ಅಕ್ಕ ಬೇಡವೆನ್ನಲಿಲ್ಲ. ಲೋಕದ ಮರ್ಯಾದೆಗೆಂದು ನನ್ನನ್ನೂ ಹಿಂದೆ ಅಟ್ಟಲಾಯಿತು.

ತಾರಸಿಯ ಮೇಲೆ ಮಾವನಾದವನು ಎಲ್ಲಿ ನಿಲ್ಲಬೇಕೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ. ನಾನು ನೀರಿನ ಟ್ಯಾಂಕಿನ ಮುಚ್ಚಳ ತೆಗೆದು, ಮಟ್ಟ ಪರೀಕ್ಷಿಸುವವನಂತೆ ತಲೆಯನ್ನು ಒಳಗಿಟ್ಟೆ. ಟ್ಯಾಂಕಿನೊಳಗೆ ಮಾತು ಇನ್ನೂ ಸ್ಪಷ್ಟವಾಗಿ ಮೊಳಗುತ್ತದೆಂಬುದು ನನಗೆ ಮೊದಲು ಗೊತ್ತಿರಲಿಲ್ಲ.

ಮನೆಯ ವಿಷಯ ಬಿಟ್ಟು ಬೇರೇನಾದರೂ ಹೇಳಿ ಎಂದಳು ವೀಣಾ. ಹರೀಶ ಬಹಳ ಹೊತ್ತು ಯೋಚಿಸಿದ. ಅದನ್ನು ಬಿಟ್ಟರೆ ಹೇಳುವಂಥದ್ದು ಹೆಚ್ಚೇನಿಲ್ಲ ಎಂದ. ಆಮೇಲೆ ಕೇಳಿದ:

"ಕರ್ಕಾಟಕ ಅಂದ್ರೆ ಏನು ಹಂಗಾದ್ರೆ?"

"ಏಡಿ."

"ತಿನ್ನೋದಾ?"

"ನೋಡೋದು."

ಅವನು ನಗಲಿಲ್ಲ. ಏಡಿಯಲ್ಲಿ ನೋಡುವುದಕ್ಕೇನಿದೆ ಎಂದು ನಿಜವಾಗಿ ಕೇಳಿದ. ಅವಳು ಕೈ ಬೀಸುವುದರಿಂದ ಹಿಡಿದು ಕಮಾನಿನವರೆಗೆ ಹೇಳಿದಳು. ಕಮಾನು ಬಂದಾಗ ಅವನು ಕೆಮ್ಮಿದ್ದು ಕೇಳಿಸಿತು.

"ಹಕ್ಕಿ ಬಂದ್ರೆ ಗಂಡು ಏನ್ ಮಾಡುತ್ತೆ?"

"ಬೀಸೋದು ಬಿಟ್ಟು ಮೊದ್ಲು ತಾನು ಬಿಲದೊಳಗೆ ಹೋಗುತ್ತೆ."

"ನಾನೂ ಅದೇ ಜಾತಿ ಅನ್ಸುತ್ತೆ. ನಮ್ಮಪ್ಪ ದನಿ ಏರಿಸಿದ್ರೆ ಗೋಡೌನ್‌ಗೆ ಹೋಗ್ಬಿಡ್ತೀನಿ."

"ಆಮೇಲೆ?"

"ಆಮೇಲೆ ಈಚೆ ಬರ್ತೀನಿ. ಹೇಳೋದು ಹೇಳ್ತೀನಿ. ಬೈಸ್ಕೊಳ್ತೀನಿ."

"ಏಡೀನೂ ಈಚೆ ಬರುತ್ತೆ. ಹಕ್ಕಿ ಹೋದ್ಮೇಲೆ ಯಾವ್ದು ಮೊದ್ಲು ಬರುತ್ತೆ ಅಂತ ಹೆಣ್ಣು ಗಮನಿಸುತ್ತಾ ಅನ್ನೋದೇ ನನ್ನ ಪ್ರಶ್ನೆ," ಎಂದಳು. ಇಷ್ಟು ವರ್ಷದಲ್ಲಿ ಅವಳ ಪ್ರಶ್ನೆ ಏನೆಂದು ನನಗೆ ತಿಳಿದದ್ದು ಅಂದೇ, ಅದೂ ತಲೆ ಟ್ಯಾಂಕಿನಲ್ಲಿದ್ದಾಗ. ಗಮನಿಸುತ್ತಾ ಎಂದು ಹರೀಶ ಕೇಳಿದ. ಇನ್ನೂ ಗೊತ್ತಾಗಿಲ್ಲ, ಕೆಲಸ ಬಾಕಿಯಿದೆ ಎಂದಳು.

ಅವರು ಹೋದರು. ಮುಗಿದ ವಿಷಯವೆಂದು ಎಲ್ಲರೂ ಒಪ್ಪಿಕೊಂಡದ್ದರಿಂದ ಅದರ ಮೇಲೆ ಯಾರ ಕಣ್ಣೂ ಇರಲಿಲ್ಲ. ಹದಿನೈದು ದಿನ ಕಳೆದು ಒಂದು ಭಾನುವಾರ ಹರೀಶ ಅಂಗಡಿಯ ಲಗೇಜ್ ಆಟೋದಲ್ಲಿ ಯಲಹಂಕದ ನಮ್ಮ ಮನೆಗೆ ಬಂದ. ಅಡುಗೆಮನೆಯಲ್ಲಿ ಒಡೆದಿದ್ದ ಎರಡು ಟೈಲ್ಸ್ ಬದಲಾಯಿಸಿಕೊಡುತ್ತೇನೆಂದು ಹೇಳಿದ್ದನಂತೆ, ಸಾವಿತ್ರಿಗೆ. ವೀಣಾ ಅದೇ ಹೊತ್ತಿಗೆ ಅತ್ತೆಯನ್ನು ನೋಡಲು ಬಂದಿದ್ದಳು. ನಮ್ಮ ಮನೆಯಲ್ಲಿ ಅಷ್ಟೊಂದು ಟೈಲ್ಸ್ ಒಡೆದಿವೆ ಎಂದು ನನಗೆ ಗೊತ್ತಿರಲಿಲ್ಲ. ಮುಂದಿನ ಭಾನುವಾರ ಬಚ್ಚಲುಮನೆಯದು, ಅದರ ಮುಂದಿನದು ಮೆಟ್ಟಿಲಿನದು. ಅವನು ಬಂದ ಕೂಡಲೇ ಸಾವಿತ್ರಿ ಕಾಫಿ ಇಟ್ಟು, ಚಪ್ಪಲಿ ಮೆಟ್ಟಿ, ನನ್ನನ್ನು ಎಳೆದುಕೊಂಡು ಕೆರೆಯ ಏರಿಯ ಮೇಲೆ ನಡೆಯಲು ಹೊರಡುತ್ತಿದ್ದಳು. ಮೊಣಕಾಲು ನೋವೆಂದು ನಾನು ಗೋಗರೆದರೂ ಬಿಡಲಿಲ್ಲ. ನನ್ನ ಸಕ್ಕರೆ ಕಾಯಿಲೆ ಹತೋಟಿಗೆ ಬಂದುದನ್ನು ಕಂಡು ಡಾಕ್ಟರು ತಮ್ಮ ಮಾತ್ರೆಯ ಗುಣವೆಂದರು. ನಾನು ತಿದ್ದಲು ಹೋಗಲಿಲ್ಲ.

ಅಕ್ಕನಿಗೆ ಗಾಳಿ ಸುದ್ದಿ ತಲುಪಿತು. ದಿನಾ ಫೋನು, ಹೂಂ ಅಂದಳಾ, ಹೂಂ ಅಂದಳಾ. ಕೆಂಪಣ್ಣನವರ ಮನೆಯಲ್ಲಿ ದೊಡ್ಡ ಗದ್ದಲವಾಯಿತೆಂದೂ, ಹರೀಶ ಗೋಡೌನಿಗೆ ಹೋದನೆಂದೂ, ಅರ್ಧ ಗಂಟೆಯೊಳಗೆ ಈಚೆ ಬಂದು, ಮದುವೆಯೆಂದು ಆದರೆ ಆ ಹುಡುಗಿಯನ್ನೇ, ಅವಳು ಒಪ್ಪಿದರೆ ಮಾತ್ರ ಎಂದನೆಂದೂ ತಿಳಿಯಿತು. ಕೆಂಪಣ್ಣನವರು ಬೇರೊಬ್ಬ ಜೋಯಿಸರನ್ನು ಹುಡುಕಿದರು. ಎರಡು ರಾಶಿಗೂ ಅಧಿಪತಿ ಕುಜನೊಬ್ಬನೇ, ಆದ್ದರಿಂದ ಷಷ್ಠಾಷ್ಟಕದ ದೋಷವಿಲ್ಲ ಎಂದು ಇವರು ಕಂಡುಹಿಡಿದರು. ಕುಜ ಮೊದಲಿನಿಂದಲೂ ಅಲ್ಲಿಯೇ ಇದ್ದ, ಪಾಪ.

ಈಗ ತಡೆಯಿದ್ದದ್ದು ಒಂದೇ, ವೀಣಾಳ ಮಾತು. ಅಕ್ಕ ಮತ್ತೆ ಹೊಸಿಲ ಮೇಲೆ ನಿಲ್ಲಲು ಸಿದ್ಧಳಾದಳು. ಸಾವಿತ್ರಿ ನಾಲ್ಕು ಮಾತೂ ಎತ್ತರದ ದನಿಯಲ್ಲಿ ಆಡಿದವಳಲ್ಲ. ಆ ದಿನ ಸೋಲದೇವನಹಳ್ಳಿಗೆ ಒಬ್ಬಳೇ ಹೋದಳು. ಅಲ್ಲಿ ಏನು ಹೇಳಿದಳೋ, ತನ್ನ ಅಣ್ಣನ ವಿಷಯ ಹೇಳಿದಳೋ ಏನೋ, ನನಗೆ ತಿಳಿಸಲಿಲ್ಲ. ಅಕ್ಕನ ಫೋನು ನಿಂತಿತು.

ಒಂದು ಬೆಳಗ್ಗೆ ವೀಣಾ ಕರಾವಳಿಯಿಂದ ಮರಳುವವಳಿದ್ದಳು. ಅಕ್ಕ ತಾನೂ ಬರುತ್ತೇನೆಂದಳು. ಯಶವಂತಪುರದ ಪ್ಲಾಟ್‌ಫಾರಮ್ಮಿನಲ್ಲಿ ಕೆಸರು ಹಿಡಿದ ಚೀಲದೊಡನೆ ಇಳಿದ ಮಗಳಿಂದ ಅದನ್ನು ಇಸಿದುಕೊಂಡು, ತಿಂಡಿ ಆಯಿತಾ ಎಂದಷ್ಟೇ ಕೇಳಿದಳು. ಆಟೋದಲ್ಲಿ ನಾನು ಚಾಲಕನ ಪಕ್ಕ ಕಷ್ಟದಿಂದ ಕೂತಿದ್ದೆ. ಗೊರಗುಂಟೆಪಾಳ್ಯ ದಾಟುವವರೆಗೂ ಅಕ್ಕ ಹೊರಗೆ ಲಾರಿಗಳನ್ನು ನೋಡುತ್ತ ಕೂತಳು. ಕೇಳದೆ ಕೂರುವುದು ಅವಳಿಗೆ ಎಷ್ಟು ಕಷ್ಟವೆಂದು, ಏಡಿಯ ಬಿಲಕ್ಕೆ ಅಂಜದೆ ಕೈ ಹಾಕುತ್ತಿದ್ದವಳನ್ನು ಬಲ್ಲ ನನಗೆ ಗೊತ್ತು.

"ಅಮ್ಮಾ, ಹರೀಶ್‌ಗೆ ಹೂಂ ಅಂತ ಹೇಳಿದೀನಿ," ಎಂದಳು ವೀಣಾ, ತಾನಾಗಿ.

"ಯಾವಾಗ?"

"ನೀನು ಕೇಳೋದ್ ಬಿಟ್ಮೇಲೆ."

ಅಕ್ಕ ಸೆರಗಿನಿಂದ ಮಗಳ ಕೆನ್ನೆಯ ಮೇಲೆ ಒಣಗಿದ್ದ ಕೆಸರನ್ನು ಒರೆಸಿದಳು. ಆಟೋ ಚಾಲಕ ಯಾವ ಕಡೆ ತಿರುಗಬೇಕೆಂದು ಎರಡು ಸಲ ಕೇಳಿದ ಮೇಲೆ ನಾನು ಎಡಕ್ಕೆ ಎಂದೆ.

ವರ್ಷ ತಿರುಗಿ, ಕಳೆದ ಮಾಘಮಾಸದಲ್ಲಿ ಅವರಿಬ್ಬರ ಮದುವೆಯಾಯಿತು.